ದಪ್ಪಗಿದ್ದರೆ ಸಾಕು ಅಂದರು, ಸಾಕಾಗಲಿಲ್ಲ

ನಾನು ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವವನು. ತೂಕ 104 ಕಿಲೊ. ಹುಡುಗನಾಗಿದ್ದಾಗ ಮದ್ದೂರು ಕಡೆ ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಕವರ್ ಆಡಿದ್ದೆ. ಅಕ್ಕನ ಮಗನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು, ಸೋಮವಾರ ಬೆಳಗಿನ ಜಾವ ಎದ್ದು ಫೋನಿನಲ್ಲಿ ಮ್ಯಾಚ್ ನೋಡುತ್ತಾನೆ. ಅವನೇ ಒಂದು ದಿನ, "ಮಾವ, ಕನಕಪುರ ರಸ್ತೆ ಕಡೆ ಒಂದು ಟರ್ಫ್‌ನಲ್ಲಿ ಲೈನ್‌ಮನ್ ಬ್ಯಾಚ್ ಮಾಡ್ತಿದಾರೆ. ನಾಲ್ಕು ಭಾನುವಾರ, 2,400 ರೂಪಾಯಿ. ದಪ್ಪಗಿರೋರು ಬೇಕಂತೆ" ಅಂದ. ಜೀವನದಲ್ಲಿ ಮೊದಲ ಸಲ ನನ್ನ ಹೊಟ್ಟೆಗೆ ಡಿಮ್ಯಾಂಡ್ ಬಂದಿತ್ತು. ಹೋದೆ.

ಟರ್ಫ್‌ನವರ ಹೆಸರು ಬರೆಯುವುದಿಲ್ಲ. ಬೈಯುವುದೂ ಸ್ವಲ್ಪ ಇದೆ.

ಸಾಮಾನ್ಯವಾಗಿ ಕಲಿಯಲು ಸಿಗುವುದು ಫ್ಲ್ಯಾಗ್ ಫುಟ್‌ಬಾಲ್. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವುದೂ ಅದೇ. ಒಂದು ಕಡೆಗೆ ಐದೇ ಜನ, ಗುದ್ದಾಟ ಇಲ್ಲ. ಅಲ್ಲಿ ನನ್ನಂಥವನಿಗೆ ಏನು ಕೆಲಸ? ಹನ್ನೊಂದು ಜನರ ಆಟದಲ್ಲಿ ಮಾತ್ರ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಥರ ಐವರು ನಿಲ್ಲುತ್ತಾರೆ. ಅವನ ಮೇಲೆ ನುಗ್ಗುವವರನ್ನು ತಡೆಯುವ ಇವರೇ ಲೈನ್‌ಮನ್‌ಗಳು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ನೋಡಿದರೆ ಐವರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ನಾನೂ ಹಾಗೇ ಅಂದುಕೊಂಡು ಎಡತುದಿಗೆ ಹೋಗಿ ನಿಂತೆ.

ಕೋಚ್ ಎದುರಿಗೆ ಇಪ್ಪತ್ತೆರಡರ ಒಬ್ಬ ಹುಡುಗನನ್ನು ಬಿಟ್ಟರು. ಅರವತ್ತೆಂಟು ಕಿಲೊ ಇದ್ದರೆ ಹೆಚ್ಚು. ಹೊರಗಡೆಯಿಂದ ಸುತ್ತು ಹಾಕಿ ಬಂದ. ನಾನು ತಿರುಗುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಬೆನ್ನು ಮುಟ್ಟಿ ವಾಪಸ್ ಹೊರಟಿದ್ದ. ಬಲಗೈಯಲ್ಲಿ ಎಸೆಯುವವನು ಚೆಂಡು ಹಿಡಿದು ನಿಂತಾಗ ಅವನ ಬೆನ್ನು ಎಡಕ್ಕಿರುತ್ತದೆ. ಆ ಕಡೆಯಿಂದ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಎಡ ಟ್ಯಾಕಲ್‌ಗೆ ಅಷ್ಟು ಬೆಲೆ. ಅವನಿಗೆ ಬೇಕಾಗಿರುವುದು ಉದ್ದ ಕೈ ಮತ್ತು ಹಿಂದಕ್ಕೆ ಜಾರುವ ಕಾಲು. ಒಂದು ಕಾಲನ್ನು ಹಿಂದಕ್ಕೆ ಒದ್ದ ಹಾಗೆ ಇಟ್ಟು ಇನ್ನೊಂದನ್ನು ಎಳೆದುಕೊಳ್ಳಬೇಕು, ಸೊಂಟ ಮೇಲೇಳಬಾರದು. ಇದಕ್ಕೆ ಕಿಕ್ ಸ್ಲೈಡ್ ಅನ್ನುತ್ತಾರೆ. ಆರಡಿ ಎರಡಿಂಚಿನ ನನ್ನ ಅಕ್ಕನ ಮಗ ಸಣ್ಣ ಇದ್ದರೂ ಎರಡನೇ ವಾರಕ್ಕೆ ಚೆನ್ನಾಗಿ ಜಾರುತ್ತಿದ್ದ. ಅವನನ್ನೇ ಬಲತುದಿಗೆ ಹಾಕಿದಾಗ ಕಾಲು ತೊಡರಿಕೊಂಡು ಬಿದ್ದ. ಲೆಫ್ಟ್ ಕಾರ್ನರ್ ಆಡಿದವನನ್ನು ರೈಟ್ ಕಾರ್ನರ್‌ಗೆ ನಿಲ್ಲಿಸಿದ ಹಾಗೆ.

ನನ್ನನ್ನು ಗಾರ್ಡ್ ಜಾಗಕ್ಕೆ ತಳ್ಳಿದರು. ಅಲ್ಲಿ ಜೀವ ಬಂತು ನೋಡಿ. ಎರಡೂ ಪಕ್ಕ ನಮ್ಮವರೇ, ಓಡಿಸುವವರು ಯಾರೂ ಇಲ್ಲ, ಎದುರಿಗಿರುವವನೂ ನನ್ನಂಥ ಗುಂಡನೇ. ಯಾರು ಕೆಳಗಿನಿಂದ ಏಳುತ್ತಾನೋ ಅವನು ಗೆದ್ದ. ಕಬಡ್ಡಿಯ ಡ್ಯಾಶ್ ಇಲ್ಲಿ ಕೆಲಸಕ್ಕೆ ಬಂತು. ಆದರೆ ಪುಲ್ ಅಂತ ಒಂದಿದೆ. ಚೆಂಡು ಬಿಟ್ಟ ಕೂಡಲೇ ಗಾರ್ಡ್ ಒಂದು ಹೆಜ್ಜೆ ಹಿಂದೆ ಸರಿದು, ಲೈನಿನ ಬೆನ್ನಿಗೇ ಓಡಿ, ಆ ತುದಿಯಲ್ಲಿರುವವನನ್ನು ಗುದ್ದಬೇಕು. ಮೂರು ಸಲ ಮಾಡಿದೆ. ನಾಲ್ಕನೇ ಸಲಕ್ಕೆ ನೀರು ಕೇಳಿದೆ.

ದೊಡ್ಡ ಕಷ್ಟ ನನ್ನ ಕೈಯದ್ದು. ಕಬಡ್ಡಿಯಲ್ಲಿ ಹಿಡಿಯೋದೇ ಕಸುಬು, ಅಲ್ವಾ? ಇಲ್ಲಿ ಎದುರಾಳಿಯ ಎದೆ ಮೇಲೆ ಅಂಗೈ ಇಟ್ಟು ತಳ್ಳಬೇಕು. ಪಕ್ಕದಿಂದ ಅಪ್ಪಿದರೆ, ಜೆರ್ಸಿ ಎಳೆದರೆ ಹೋಲ್ಡಿಂಗ್, ತಂಡಕ್ಕೆ 10 ಗಜ ದಂಡ. ನಾನು ಪ್ರತಿ ಸಲವೂ ತಬ್ಬುತ್ತಿದ್ದೆ. ಕೋಚ್ ಏನೂ ಬೈಯಲಿಲ್ಲ, ನನ್ನ ಎರಡೂ ಮುಷ್ಟಿಗೆ ಒಂದೊಂದು ಟೆನಿಸ್ ಬಾಲ್ ಕೊಟ್ಟು "ಇದು ಬೀಳಬಾರದು ಸರ್" ಅಂದರು. ಚೆಂಡು ಹಿಡಿದ ಕೈ ಇನ್ನೊಬ್ಬನ ಬನಿಯನ್ ಹಿಡಿಯೋಕೆ ಆಗಲ್ಲ. ಇಡೀ 2,400ಕ್ಕೆ ಬೆಲೆ ಬಂದಿದ್ದು ಆ ಅರ್ಧ ಗಂಟೆಯಲ್ಲಿ.

ಸೆಂಟರ್ ಜಾಗದಲ್ಲಿ ನಿಂತವರು ಟ್ಯೂಷನ್ ಮಾಡುವ ಒಬ್ಬ ಗಣಿತದ ಮೇಷ್ಟ್ರು. ಐದಡಿ ಏಳಿಂಚು. ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಟ್ಟು, ಅದೇ ಗಳಿಗೆಯಲ್ಲಿ ಕೈ ಎತ್ತಿ ಎದುರಿನವನನ್ನು ತಡೆಯಬೇಕು. ಅದಕ್ಕೂ ಮುಂಚೆ ಆ ಕಡೆಯವರು ಹೇಗೆ ನಿಂತಿದ್ದಾರೆ ನೋಡಿ, ಯಾರು ಯಾರನ್ನು ತಡೆಯಬೇಕು ಅಂತ ಉಳಿದ ನಾಲ್ವರಿಗೆ ಕೂಗಬೇಕು. ಮೇಷ್ಟ್ರಿಗೆ ಕೂಗೋದು ಹೊಸದಲ್ಲ. ನಾನೂ ಒಮ್ಮೆ ಪ್ರಯತ್ನಿಸಿದೆ. ಚೆಂಡು ಕ್ವಾರ್ಟರ್‌ಬ್ಯಾಕ್ ತಲೆ ಮೇಲೆ ಹಾರಿ, ಬಲೆ ದಾಟಿ, ಪಕ್ಕದ ಟರ್ಫ್‌ನ ಮಕ್ಕಳ ಹತ್ತಿರ ಹೋಯಿತು.

ಕೋಚ್ ಕೊಟ್ಟ ಉದಾಹರಣೆ ಫಿಲಡೆಲ್ಫಿಯಾ ಈಗಲ್ಸ್ ತಂಡದ್ದು. ಅಲ್ಲಿನ ಎಡ ಟ್ಯಾಕಲ್ ಜೋರ್ಡಾನ್ ಮೈಲಾಟಾ 6 ಅಡಿ 8 ಇಂಚು, ಸುಮಾರು 165 ಕಿಲೊ. ಮೂಲತಃ ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದರ, ಏಳನೇ ಸುತ್ತಿನಲ್ಲಿ ಅವನನ್ನು ಆರಿಸಿದಾಗ ಈ ಆಟದ ಒಂದು ಮ್ಯಾಚನ್ನೂ ಆಡಿರಲಿಲ್ಲ. ಅದೇ ಸಾಲಿನಲ್ಲಿ 2024ರಲ್ಲಿ ನಿವೃತ್ತಿಯಾಗುವವರೆಗೆ ಸೆಂಟರ್ ಆಗಿದ್ದವನು ಜೇಸನ್ ಕೆಲ್ಸಿ, ಅವನ ತೂಕ ಸುಮಾರು 134. ಇಬ್ಬರ ನಡುವೆ ಒಬ್ಬ ಗಾರ್ಡ್, ಒಂದು ಅಕ್ಕಿ ಮೂಟೆಯ ವ್ಯತ್ಯಾಸ.

ಇನ್ನು ಬೈಗುಳ. ಬ್ಯಾಚ್ ಬೆಳಗ್ಗೆ ಆರೂವರೆಗೆ. ಭಾನುವಾರ ಮೆಟ್ರೊ ತಡವಾಗಿ ಶುರು, ಪೀಣ್ಯದಿಂದ ನೇರ ಹಸಿರು ಲೈನ್ ಇದ್ದರೂ ಪ್ರಯೋಜನವಿಲ್ಲ, ಗಾಡಿಯಲ್ಲೇ ಹೋಗಬೇಕು. ಹದಿನಾಲ್ಕು ಜನಕ್ಕೆ ಎರಡೇ ಪ್ಯಾಡ್. ಇದ್ದ ಹೆಲ್ಮೆಟ್ ನನ್ನ ತಲೆಗೆ ಅರ್ಧ ಇಳಿದು ನಿಂತಿತು, ಹಾಗಾಗಿ ತಲೆ ತಾಗಿಸದೆ ಅರ್ಧ ವೇಗದಲ್ಲೇ ಅಭ್ಯಾಸ. ಸೆಂಟರ್‌ಗೆ ಕೊಟ್ಟಿದ್ದು ಒಂದೇ ಭಾನುವಾರ, ಅದು ತೀರಾ ಕಮ್ಮಿ. "ದಪ್ಪಗಿರೋರು ಬೇಕು" ಅನ್ನುವ ಜಾಹೀರಾತಂತೂ ಸುಳ್ಳು, ಅದನ್ನು ತೆಗೆಯಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಮೂರು ಕೋಚ್‌ಗೆ, ಅರ್ಧ ಎದುರುಗಡೆಯ ತಟ್ಟೆ ಇಡ್ಲಿಗೆ. ಮೂರನೇ ವಾರ ಹರಿದ ಪ್ಯಾಡನ್ನು ನಾನೇ ತಂದು ನಮ್ಮ ಬೀದಿಯ ಸೀಟ್ ಕವರ್ ಅಂಗಡಿಯಲ್ಲಿ ಹೊಲಿಸಿದೆ. 120 ರೂಪಾಯಿ. ಚೀಟಿ ಕೊಟ್ಟು ಹತ್ತು ದಿನ ಆಯಿತು, ದುಡ್ಡು ಇನ್ನೂ ಬಂದಿಲ್ಲ.