ಒಂದೇ ದಿನ ನಾಲ್ಕು ಕಡೆ ಲೈಪೋಸಕ್ಷನ್, ಸಂಜೆಯೇ ಮನೆಗೆ ಎಂದರೆ ಒಪ್ಪಬೇಡಿ

ಲೈಪೋಸಕ್ಷನ್ ಎಂದರೆ ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್. ಹೊಟ್ಟೆ, ಸೊಂಟದ ಎರಡೂ ಬದಿ, ತೊಡೆ, ತೋಳು. ಎಲ್ಲವನ್ನೂ ಒಂದೇ ದಿನ ಮಾಡ್ತೇವೆ, ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಆಯಾ ಜಾಗ ಮಾತ್ರ ಮರಗಟ್ಟಿಸ್ತೇವೆ, ಸಂಜೆ ಮನೆಗೆ ಹೋಗಬಹುದು. ಯಾವುದಾದರೂ ಕ್ಲಿನಿಕ್‌ನವರು ಹೀಗೆ ಹೇಳಿದರೆ ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯವರು ಖಂಡಿತ ಓದಿ. ಮರಗಟ್ಟಿಸುವ ಆ ಔಷಧಿ ರಕ್ತದಲ್ಲಿ ಅತಿ ಹೆಚ್ಚಾಗುವ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿ ಇರುವುದಿಲ್ಲ, ಘಟ್ಟದ ರಸ್ತೆಯಲ್ಲಿ ಇರುತ್ತೇವೆ.

ನನ್ನ ತಂಗಿಗೆ ಆಗಿದ್ದು ಇದೇ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಎರಡನೇ ಹೆರಿಗೆ ಆದ ಮೇಲೆ ಹೊಟ್ಟೆ, ತೊಡೆ ಏನು ಮಾಡಿದರೂ ಕರಗಲಿಲ್ಲ ಎಂಬ ಬೇಸರ ಅವಳಿಗಿತ್ತು. ಆಸೆಪಟ್ಟಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕಾಗಿ ಅವಳನ್ನು ಆಡಿಕೊಳ್ಳುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಕ್ಲಿನಿಕ್ ಇದ್ದಿದ್ದು ಹುಬ್ಬಳ್ಳಿಯಲ್ಲಿ. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇವೆ, ಅದು ಅಲ್ಲಿ ನಡೆಯಲಿ. ಮೊದಲು ಅವಳು ಕೇಳಿದ್ದು ಹೊಟ್ಟೆ ಒಂದನ್ನೇ. ನಾಲ್ಕು ಜಾಗ ಒಟ್ಟಿಗೆ ಮಾಡಿಸಿದರೆ ರೇಟು ಕಡಿಮೆ ಬೀಳುತ್ತದೆ ಎಂದು ಅವರೇ ಹೇಳಿ ಒಪ್ಪಿಸಿದರು. ಅರಿವಳಿಕೆಯ ಬಗ್ಗೆ ಸಿಕ್ಕ ವಿವರಣೆ ಒಂದೇ ಸಾಲು: ಜನರಲ್ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ರಿಸ್ಕು, ಲೋಕಲ್ (ಆ ಜಾಗ ಮಾತ್ರ ಮರಗಟ್ಟಿಸುವುದು) ಸೇಫು. ತೂಕ ಎಷ್ಟಿದೆ, ಅದಕ್ಕೆ ಎಷ್ಟು ಔಷಧಿ, ಬೇರೆ ಮಾತ್ರೆ ಏನಾದರೂ ತಗೊಳ್ತಿದ್ದೀರಾ, ಇದ್ಯಾವುದೂ ಮಾತಿಗೇ ಬರಲಿಲ್ಲ. ಅರಿವಳಿಕೆ ತಜ್ಞರು ಆ ದಿನ ಅಲ್ಲಿ ಇರಲೂ ಇಲ್ಲ.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸಂಜೆ ಬಿಗಿಯಾದ ಬೆಲ್ಟ್ ಹಾಕಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನಗುನಗುತ್ತಲೇ ಕಾರು ಹತ್ತಿದಳು. ಅವಳ ಗಂಡ ಗಾಡಿ ಓಡಿಸುತ್ತಿದ್ದರು, ನಾನು ಹಿಂದೆ ಅವಳ ಪಕ್ಕ ಕೂತಿದ್ದೆ. ಯಲ್ಲಾಪುರ ಬರುವಷ್ಟರಲ್ಲಿ, "ಅಕ್ಕಾ, ತುಟಿಯೆಲ್ಲ ಜುಂ ಅಂತಿದೆ, ನಾಲಿಗೆ ಮೇಲೆ ಕಬ್ಬಿಣ ನೆಕ್ಕಿದ ಹಾಗಿದೆ" ಎಂದಳು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬೇರೆ. ಕ್ಲಿನಿಕ್‌ಗೆ ಫೋನ್ ಮಾಡಿದೆವು. ಎತ್ತಿದವರು, ಸುಸ್ತಿಗೆ ಹಾಗಾಗುತ್ತೆ, ಮಲಗಿಸಿ ಎಂದರು. ಅರಬೈಲ್ ಘಟ್ಟ ಇಳಿಯುವಾಗ ಮಾತು ತೊದಲತೊಡಗಿತು, ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. ಮತ್ತೆ ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಸುಂಕಸಾಳ ದಾಟಿದ ಮೇಲೆ ಫಿಟ್ಸ್ ಬಂತು.

ಅಂಕೋಲಾದಲ್ಲಿ ಮೊದಲು ಸಿಕ್ಕ ಆಸ್ಪತ್ರೆಗೆ ಹೊಕ್ಕೆವು. ಅವರು ಆಕ್ಸಿಜನ್ ಹಾಕಿ, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್‌ನಲ್ಲಿ ಕಾರವಾರಕ್ಕೆ ಕಳಿಸಿದರು. ಕಾರವಾರದಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ಅರಿವಳಿಕೆ ವೈದ್ಯರು ವಿಷಯ ಕೇಳಿದ ಕೂಡಲೇ ಒಂದೇ ಪ್ರಶ್ನೆ ಹಾಕಿದರು: "ಲಿಗ್ನೋಕೇನ್ ಒಟ್ಟು ಎಷ್ಟು ಮಿಲಿಗ್ರಾಂ ಕೊಟ್ಟಿದ್ದಾರೆ?" ಮರಗಟ್ಟಿಸಲು ಕೊಟ್ಟ ಔಷಧಿಯ ಹೆಸರದು. ಕ್ಲಿನಿಕ್ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಆ ಲೆಕ್ಕ ಇರಲೇ ಇಲ್ಲ. ಇಸಿಜಿ ನೋಡಿ, ಲಕ್ಷಣ ನೋಡಿ, ಅವರೇ ತೀರ್ಮಾನ ಮಾಡಿ ಲಿಪಿಡ್ ಎಮಲ್ಷನ್ ಎಂಬ ಹಾಲಿನ ಬಣ್ಣದ ಡ್ರಿಪ್ ಹಾಕಿದರು. ಲಿಗ್ನೋಕೇನ್ ಹೃದಯ, ಮೆದುಳಿಗೆ ಏರಿದಾಗ ಕೊಡುವ ಔಷಧಿ ಅದು. ತಂಗಿ ಉಳಿದಳು. ಆ ವೈದ್ಯರ ಋಣ ನಮ್ಮ ಮನೆಯ ಮೇಲಿದೆ.

ಈಗ ಆ ಲೆಕ್ಕ ಹೇಳುತ್ತೇನೆ. ಇದನ್ನು ತಿಳಿಸುವುದಕ್ಕೇ ಇಷ್ಟೆಲ್ಲ ಬರೆದಿದ್ದು.

ಲಿಗ್ನೋಕೇನ್ ಎಂದರೆ ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಕೊಡುವ ಮಾಮೂಲಿ ಮರಗಟ್ಟುವ ಔಷಧಿ. ಅಡ್ರಿನಲಿನ್ ಸೇರಿಸಿ ಕೊಟ್ಟರೂ ಸಾಮಾನ್ಯವಾಗಿ ದೇಹದ ತೂಕದ ಕೆಜಿಗೆ 7 ಮಿಲಿಗ್ರಾಂ ದಾಟಬಾರದು. ಲೈಪೋಸಕ್ಷನ್‌ನಲ್ಲಿ ಕೊಡುವ ರೀತಿ ಬೇರೆ. ಲೀಟರ್‌ಗಟ್ಟಲೆ ಸಲೈನ್‌ಗೆ ಲಿಗ್ನೋಕೇನ್, ಅಡ್ರಿನಲಿನ್ ಸೇರಿಸಿ ಚರ್ಮದ ಕೆಳಗಿನ ಕೊಬ್ಬಿನೊಳಗೆ ತುಂಬುತ್ತಾರೆ. ಇದಕ್ಕೆ ಟ್ಯೂಮಸೆಂಟ್ ಎನ್ನುತ್ತಾರೆ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1985ರಲ್ಲಿ ಶುರು ಮಾಡಿದ ವಿಧಾನ. ಒಳ್ಳೆಯ ವಿಧಾನವೇ. ಅಡ್ರಿನಲಿನ್‌ನಿಂದ ರಕ್ತನಾಳ ಮುದುಡುತ್ತದೆ, ರಕ್ತ ಹೋಗುವುದು ಕಡಿಮೆ, ಔಷಧಿಯೂ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಇದರಲ್ಲಿ ಕೆಜಿಗೆ 35 ಮಿಲಿಗ್ರಾಂವರೆಗೆ ಕೊಡಬಹುದು ಎಂದು ಕ್ಲೈನ್ ತೋರಿಸಿದರು. ಆಮೇಲೆ ಚರ್ಮವೈದ್ಯರು ಮಿತಿಯನ್ನು 55ಕ್ಕೆ ಏರಿಸಿದರು. 35ರೊಳಗೇ ಇರಬೇಕು ಎನ್ನುವ ಪ್ಲಾಸ್ಟಿಕ್ ಸರ್ಜನ್‌ಗಳು ಈಗಲೂ ಇದ್ದಾರೆ.

ತಂಗಿಯ ತೂಕ 62 ಕೆಜಿ. 35ರಂತೆ ಲೆಕ್ಕ ಹಾಕಿದರೆ 2,170 ಮಿಲಿಗ್ರಾಂ. 55ರಂತೆ ಹಾಕಿದರೂ 3,410. ಅವಳಿಗೆ ಲೀಟರಿಗೆ 1,000 ಮಿಲಿಗ್ರಾಂ ಇರುವ ದ್ರಾವಣ 5 ಲೀಟರ್ ಹೋಗಿತ್ತು. ಅಂದರೆ 5,000 ಮಿಲಿಗ್ರಾಂ, ಕೆಜಿಗೆ ಸುಮಾರು 80. ದಾಖಲೆ ತರಿಸಿಕೊಂಡ ಮೇಲೆ ಗೊತ್ತಾಗಿದ್ದು ಇದು. ಜಾಗ ಹೆಚ್ಚಿದ ಹಾಗೆ ದ್ರಾವಣ ಹೆಚ್ಚುತ್ತದೆ, ಆದರೆ ಮನುಷ್ಯನ ತೂಕ ಅಷ್ಟೇ ಇರುತ್ತದೆ ಅಲ್ವಾ? ಹೊಟ್ಟೆ ಒಂದಕ್ಕೆ ಸರಿಹೋಗುವ ವಿಧಾನ ನಾಲ್ಕು ಜಾಗಕ್ಕೂ ಸೇರಿದಾಗ ವಿಷವಾಗುವುದು ಹೀಗೆ.

ಎರಡನೆಯದು ಹೊತ್ತಿನ ಲೆಕ್ಕ. ಔಷಧಿ ನಿಧಾನಕ್ಕೆ ಸೇರುತ್ತದೆ ಎಂದೆನಲ್ಲ, ಅದರ ಇನ್ನೊಂದು ಮುಖ ಇದು. ರಕ್ತದಲ್ಲಿ ಅದು ತುತ್ತತುದಿ ಮುಟ್ಟುವುದು ಸುಮಾರು 12 ಗಂಟೆಯ ನಂತರ. ಬೆಳಿಗ್ಗೆ ಮಾಡಿಸಿಕೊಂಡವರಿಗೆ ರಾತ್ರಿ. ಸಂಜೆ ಆರಾಮಾಗಿ ಮಾತಾಡುತ್ತಿದ್ದಾರೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಮೂರನೆಯ ವಿಷಯ ನಮ್ಮ ಕರಾವಳಿಯವರು ಗಮನವಿಟ್ಟು ಕೇಳಬೇಕು. ನಮ್ಮ ಸೆಕೆಗೆ, ಬೆವರಿಗೆ ಗಜಕರ್ಣ ಯಾರಿಗೆ ಆಗುವುದಿಲ್ಲ? ಅದಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ವಾರಗಟ್ಟಲೆ ಬರೆದುಕೊಡುತ್ತಾರೆ. ತಂಗಿಯೂ ಅದನ್ನು ತಗೊಳ್ತಿದ್ದಳು. ಲಿಗ್ನೋಕೇನನ್ನು ಕರಗಿಸಿ ಹೊರಹಾಕುವುದು ಲಿವರ್. ಅಲ್ಲಿ ಆ ಕೆಲಸ ಮಾಡುವ ಕಿಣ್ವವನ್ನೇ ಇಟ್ರಾಕೊನಜೋಲ್ ತಡೆಯುತ್ತದೆ. ಆಗ ಔಷಧಿ ರಕ್ತದಲ್ಲೇ ಉಳಿಯುತ್ತದೆ. ಕೀಟೊಕೊನಜೋಲ್, ಫ್ಲೂಕೊನಜೋಲ್, ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಕೂಡ ಇದೇ ಗುಂಪಿನವು. ಚರ್ಮಕ್ಕೆ ತಗೊಂಡ ಮಾತ್ರೆಗೂ ಇದಕ್ಕೂ ಏನು ಸಂಬಂಧ ಎಂದು ರೋಗಿಗೆ ಹೇಗೆ ತಿಳಿಯಬೇಕು? ಕೇಳಬೇಕಾದವರು ಅವರು. ಅವರು ಕೇಳದಿದ್ದರೆ ನೀವೇ ಎಲ್ಲ ಮಾತ್ರೆಯ ಚೀಟಿ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ.

ಹಾಗಾದರೆ ಯಾವ ಅರಿವಳಿಕೆ ಒಳ್ಳೆಯದು? ಒಂದು ಅಥವಾ ಎರಡು ಸಣ್ಣ ಜಾಗಕ್ಕೆ ಟ್ಯೂಮಸೆಂಟ್ ಸಾಕು. ಅದರ ಜೊತೆ ಮಂಪರಿನ ಇಂಜೆಕ್ಷನ್ ಕೊಡುವುದಾದರೆ ಉಸಿರಾಟ ನೋಡಿಕೊಳ್ಳಲು ಅರಿವಳಿಕೆ ತಜ್ಞರು ಇರಲೇಬೇಕು, ಸಿಸ್ಟರ್ ಒಬ್ಬರು ನಿಂತರೆ ಸಾಲದು. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ ಹೊಟ್ಟೆಯ ಕೆಳಭಾಗ, ತೊಡೆಗೆ ಆಗುತ್ತದೆ, ತೋಳಿಗೆ ಆಗುವುದಿಲ್ಲ, ಬಿಪಿಯೂ ಇಳಿಯಬಹುದು. ಮೂರ್ನಾಲ್ಕು ಜಾಗ ಒಟ್ಟಿಗೆ ಎಂದರೆ ಹೆಚ್ಚಾಗಿ ಜನರಲ್ ಬೇಕಾಗುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ ಎಂದರೆ ಭಯ ಸಹಜ. ಆದರೆ ಅದನ್ನು ಕೊಡಬೇಕಾದರೆ ತಜ್ಞರು, ಮಾನಿಟರ್, ಉಸಿರಿನ ಕೊಳವೆ, ಸುಸಜ್ಜಿತ ಆಪರೇಷನ್ ಥಿಯೇಟರ್ ಎಲ್ಲ ಬೇಕು. ಲೋಕಲ್ ಸೇಫ್ ಎಂದು ಜೋರಾಗಿ ಹೇಳುವ ಕಡೆ ಇವು ಇವೆಯೇ ನೋಡಿ. ಜನರಲ್ ಕೊಟ್ಟರೂ ಕೊಬ್ಬಿನೊಳಗೆ ದ್ರಾವಣ ತುಂಬುತ್ತಾರೆ, ಅದರಲ್ಲಿ ಲಿಗ್ನೋಕೇನ್ ಇದ್ದರೆ ಮಿತಿ ಅದೇ. ನನ್ನನ್ನು ಕೇಳಿದರೆ, ಜಾಗಗಳನ್ನು ಹಂಚಿಕೊಂಡು ಬೇರೆ ಬೇರೆ ಸಲ ಮಾಡಿಸುವುದೇ ಸರಿ. ದುಡ್ಡು ಜಾಸ್ತಿ ಆಗುತ್ತದೆ, ಆಗಲಿ. ಒಂದೇ ಸಲಕ್ಕೆ ತೆಗೆಯುವ ಕೊಬ್ಬು, ದ್ರಾವಣ ಸೇರಿ 5 ಲೀಟರ್ ದಾಟಿದರೆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕು.

ಇದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡಿದ್ದು ನೆನಪಿರಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದರು. ಅದೇ ವರ್ಷ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಪಲ್ಟಿಯಾಗಿ ನಾಲ್ವರು ಸತ್ತರು. ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವುದು ನಮ್ಮ ಪಾಡು. ಹಾಗಿರುವಾಗ ಆಪರೇಷನ್ ಆದ ಸಂಜೆಯೇ ಘಟ್ಟ ಇಳಿಸಿ ಕಳಿಸುವುದು ಕ್ರೂರ ಕೆಲಸ. ರೋಗಿ ಎಲ್ಲಿಂದ ಬಂದವರು ಎಂಬುದು ಅವರ ರಿಜಿಸ್ಟರಿನಲ್ಲೇ ಇರುತ್ತದೆ. ಗಂಟೆಗಟ್ಟಲೆ ಕಾರಿನಲ್ಲಿ ಕಾಲು ಮಡಚಿ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಮಾಡಿಸುವುದೇ ಆದರೆ ಆ ರಾತ್ರಿ ಅಲ್ಲೇ ಅಡ್ಮಿಟ್ ಮಾಡಿಕೊಳ್ಳುತ್ತಾರಾ ಎಂದು ಮೊದಲೇ ಕೇಳಿ. ಇಲ್ಲ ಎಂದರೆ ಎದ್ದು ಬನ್ನಿ. ಒಟ್ಟು ಎಷ್ಟು ಮಿಲಿಗ್ರಾಂ ಲಿಗ್ನೋಕೇನ್ ಕೊಡುತ್ತೀರಿ, ಲಿಪಿಡ್ ಎಮಲ್ಷನ್ ಇಲ್ಲಿ ಇದೆಯೇ ಎಂದೂ ಕೇಳಿ. ಬಲ್ಲ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ದಾಖಲೆ ಕೊಡುವುದಿಲ್ಲ ಎಂದರೆ ಬಿಡಬೇಡಿ. ಬರೆದು ಕೇಳಿದರೆ 72 ಗಂಟೆಯೊಳಗೆ ವೈದ್ಯರು ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿ ನಿಯಮವೇ ಇದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಮೇಲಿನ ದೂರನ್ನು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಆ ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಕೊಡಬಹುದು, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು.

ಈಗಾಗಲೇ ಮಾಡಿಸಿಕೊಂಡು ಮನೆಗೆ ಬಂದಿದ್ದರೆ, ಅಥವಾ ದಾರಿಯಲ್ಲಿದ್ದರೆ, ಮೊದಲ ರಾತ್ರಿ ಒಬ್ಬರು ಎಚ್ಚರವಾಗಿದ್ದು ನೋಡಿಕೊಳ್ಳಿ. ತುಟಿ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಸದ್ದು, ತೊದಲು, ಮೈ ಅದುರುವುದು ಇದ್ದರೆ ಸುಸ್ತು ಎಂದುಕೊಂಡು ಮಲಗಿಸಿ ಸುಮ್ಮನಾಗಬೇಡಿ. ಕ್ಲಿನಿಕ್‌ನವರ ಫೋನಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ಬಾಗಿಲಲ್ಲೇ ಹೇಳಿ: ಇವತ್ತು ಲೈಪೋಸಕ್ಷನ್ ಆಗಿದೆ, ಲಿಗ್ನೋಕೇನ್ ಜಾಸ್ತಿ ಆಗಿರಬಹುದು, ಅರಿವಳಿಕೆ ವೈದ್ಯರನ್ನು ಕರೆಯಿರಿ.