ಮಿನಿವ್ಯಾನ್ ಆ್ಯಪ್: ಬಾಗಿಲು ತಟ್ಟುವ ಕೆಲಸಕ್ಕೆ ಎಷ್ಟು ಒದಗುತ್ತೆ?

ಅಮೆರಿಕದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯ ಪರ ಮನೆಮನೆ ಪ್ರಚಾರಕ್ಕೆ ಹೊರಟರೆ, ಅದು ಕಾಂಗ್ರೆಸ್ ಸೀಟಿರಲಿ ರಾಜ್ಯದ ಶಾಸನಸಭೆಯಿರಲಿ, ಫೋನಿಗೆ ಹಾಕಿಕೊಳ್ಳಲು ಹೇಳುವುದು ಬಹುತೇಕ ಎನ್‌ಜಿಪಿ ವ್ಯಾನ್ ಕಂಪನಿಯ ಮಿನಿವ್ಯಾನ್ ಆ್ಯಪನ್ನೇ. ವಾಲಂಟಿಯರ್‌ಗಳಿಗೆ ಉಚಿತ. ಹಿಂದಿರುವ ದೊಡ್ಡ ಡೇಟಾಬೇಸಿಗೆ ದುಡ್ಡು ಕಟ್ಟುವವರು ಅಭ್ಯರ್ಥಿ, ಸಂಘಟನೆ ಅಥವಾ ಪಕ್ಷ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಗಟ್ಟಿ. ಎಡವಟ್ಟಾಗುವುದು ಹೆಚ್ಚಾಗಿ ಒತ್ತುವ ಬೆರಳಿನಿಂದ.

ಕಚೇರಿಯಲ್ಲಿ ಕೂತವರು ಕಂಪ್ಯೂಟರಿನ ನಕ್ಷೆ ಮೇಲೆ ಗೆರೆ ಎಳೆದು ಬಡಾವಣೆಯನ್ನು ತುಂಡು ಮಾಡಿರುತ್ತಾರೆ. ಈ ತುಂಡಿಗೆ ಟರ್ಫ್ ಅನ್ನುತ್ತಾರೆ. ಪ್ರತಿ ಟರ್ಫ್‌ಗೂ ಒಂದು ಲಿಸ್ಟ್ ನಂಬರ್. ಆ್ಯಪ್‌ಗೆ ಲಾಗಿನ್ ಆಗಿ ಆ ನಂಬರ್ ಹಾಕಿದರೆ ಮನೆಗಳ ಪಟ್ಟಿ, ನಕ್ಷೆ, ಪ್ರತಿ ಮನೆಯ ಮತದಾರರ ಹೆಸರು, ವಯಸ್ಸು ಇಳಿಯುತ್ತವೆ. ಇದನ್ನು ಕಚೇರಿಯ ವೈಫೈನಲ್ಲೇ ಮುಗಿಸಿಕೊಳ್ಳಿ. ಒಮ್ಮೆ ಇಳಿದರೆ ಸಿಗ್ನಲ್ ಇಲ್ಲದ ಹಳ್ಳಿ ರಸ್ತೆಯಲ್ಲೂ ಆ್ಯಪ್ ನಡೆಯುತ್ತದೆ. ಇಳಿಸದೆ ಹೋದರೆ ರಸ್ತೆ ಬದಿ ನಿಂತು ಚಕ್ರ ತಿರುಗುವುದನ್ನು ನೋಡಬೇಕಷ್ಟೆ.

ಎರಡು ಮೂರು ಗಂಟೆಯ ಪಾಳಿಗೆ ಒತ್ತಾಗಿ ಮನೆಗಳಿರುವ ಕಡೆ 40ರಿಂದ 50 ಬಾಗಿಲು ಸಾಕು. ಟರ್ಫ್ ಕತ್ತರಿಸುವವರು ಹೆದ್ದಾರಿಯ ಎರಡೂ ಬದಿಯನ್ನು ಒಂದೇ ತುಂಡಿಗೆ ಸೇರಿಸಿಬಿಟ್ಟರೆ ನಡೆಯುವವರ ಪಾಡು ದೇವರಿಗೇ ಪ್ರೀತಿ. ಬೆಸ ಸಂಖ್ಯೆಯ ಮನೆಗಳನ್ನು ಒಂದು ಬದಿಯಲ್ಲಿ ಮುಗಿಸಿ, ಸಮ ಸಂಖ್ಯೆಯವನ್ನು ವಾಪಸು ಬರುವಾಗ ಹಿಡಿಯುವುದು ಸಲೀಸು. ಅಪಾರ್ಟ್‌ಮೆಂಟುಗಳಲ್ಲಿ ನಕ್ಷೆ ಕೆಲಸಕ್ಕೆ ಬಾರದು, ನೂರು ಮನೆಗೂ ಒಂದೇ ಚುಕ್ಕೆ. ಅಲ್ಲಿ ಪಟ್ಟಿಯನ್ನೇ ನೋಡಿ.

ಹತ್ತು ಬಾಗಿಲು ತಟ್ಟಿದರೆ ತೆರೆಯುವುದು ಎರಡೋ ಮೂರೋ. ಉಳಿದವಕ್ಕೆ ಮನೆಯಲ್ಲಿಲ್ಲ, ಮಾತಾಡಲು ಒಲ್ಲೆ ಅಂದರು, ಮನೆ ಬಿಟ್ಟು ಹೋಗಿದ್ದಾರೆ, ತೀರಿಕೊಂಡಿದ್ದಾರೆ, ಹೀಗೆ ಕಾರಣ ಆರಿಸಬೇಕು. ಅವಸರದಲ್ಲಿ ಎಲ್ಲಕ್ಕೂ 'ಮನೆಯಲ್ಲಿಲ್ಲ' ಒತ್ತುವುದು ಹೊಸಬರ ಚಟ. ಆಗ ಊರು ಬಿಟ್ಟುಹೋದವರ ಬಾಗಿಲಿಗೆ ಮುಂದಿನ ವಾರ ಇನ್ನೊಬ್ಬರು, ಅದರ ಮುಂದಿನ ವಾರ ಮತ್ತೊಬ್ಬರು ಹೋಗುತ್ತಲೇ ಇರುತ್ತಾರೆ. ಕರಪತ್ರವನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಅಂಚೆ ಡಬ್ಬಿಯೊಳಗೆ ಹಾಕಬೇಡಿ. ಸ್ಟಾಂಪಿಲ್ಲದ ಕಾಗದ ಅದರೊಳಗೆ ಹೋಗುವುದು ಫೆಡರಲ್ ಕಾನೂನಿಗೆ ವಿರುದ್ಧ.

ಬಾಗಿಲು ತೆರೆದರೆ ನಿಜವಾದ ಕೆಲಸ ಶುರು. ಸಾಮಾನ್ಯವಾಗಿ 1ರಿಂದ 5ರ ಅಳತೆ ಇಟ್ಟಿರುತ್ತಾರೆ: 1 ಅಂದರೆ ಗಟ್ಟಿ ಬೆಂಬಲಿಗರು, 2 ಅಂದರೆ ನಮ್ಮ ಕಡೆ ವಾಲಿದವರು, 3 ಅಂದರೆ ತೀರ್ಮಾನಿಸಿಲ್ಲ, 5 ಅಂದರೆ ಕಡು ವಿರೋಧಿ. 'ಒಳ್ಳೇದು, ಆ ಚೀಟಿ ಕೊಟ್ಟು ಹೋಗಿ, ನೋಡೋಣ' ಅಂದವರು 3. ನಗುನಗುತ್ತಾ ಹೇಳಿದರೂ 3. ಅವರಿಗೆ 2 ಕೊಟ್ಟರೆ ಏನಾಗುತ್ತೆ? ಕೊನೆಯ ನಾಲ್ಕು ದಿನ ಮನವೊಲಿಸುವುದನ್ನು ನಿಲ್ಲಿಸಿ, 1 ಮತ್ತು 2 ಇದ್ದವರನ್ನು ಮಾತ್ರ ಮತಗಟ್ಟೆಗೆ ಹೊರಡಿಸುತ್ತಾರೆ. ಅಂದರೆ ಸಭ್ಯತೆಗೆ ನಕ್ಕ ಎದುರಾಳಿಯ ಮತದಾರರಿಗೆ ನೀವೇ ನೆನಪು ಮಾಡಿ, ಬೇಕಾದರೆ ಕಾರಿನಲ್ಲಿ ಕೂರಿಸಿಕೊಂಡೂ ಹೋಗುತ್ತೀರಿ. 2017ರ ಚುನಾವಣೆಯಲ್ಲಿ ವರ್ಜೀನಿಯಾ ಶಾಸನಸಭೆಯ 94ನೇ ಕ್ಷೇತ್ರದಲ್ಲಿ ಡೆಮಾಕ್ರಟ್ ಶೆಲ್ಲಿ ಸೈಮಂಡ್ಸ್ ಮತ್ತು ರಿಪಬ್ಲಿಕನ್ ಡೇವಿಡ್ ಯಾನ್ಸಿ ಇಬ್ಬರಿಗೂ ತಲಾ 11,608 ಮತ ಬಂದು, ಬಟ್ಟಲಿನಿಂದ ಚೀಟಿ ಎತ್ತಿ ಯಾನ್ಸಿ ಗೆದ್ದರೆಂದು ಸಾರಿದರು. ಅಂಥ ಕ್ಷೇತ್ರದಲ್ಲಿ ಪುಕ್ಕಟೆ 2 ದುಬಾರಿ.

ಅದೇ ವರ್ಜೀನಿಯಾದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸುವ ಪದ್ಧತಿಯೇ ಇಲ್ಲ. ಟೆಕ್ಸಾಸ್, ಜಾರ್ಜಿಯಾ, ಮಿಷಿಗನ್‌ನಲ್ಲೂ ಅಷ್ಟೇ. ಅಲ್ಲಿ ಪಟ್ಟಿಯವರನ್ನು ಆರಿಸಿರುವುದು ಹಿಂದಿನ ಪ್ರೈಮರಿಗಳ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗಳ) ದಾಖಲೆ ಮತ್ತು ಯಾರು ಯಾವ ಕಡೆ ಎಂದು ಊಹಿಸುವ ಲೆಕ್ಕಾಚಾರದ ಅಂಕಗಳಿಂದ, ಹಾಗಾಗಿ ತಪ್ಪು ಬಾಗಿಲುಗಳು ಜಾಸ್ತಿ. ಆ್ಯಪನ್ನು ಬೈದು ಪ್ರಯೋಜನವಿಲ್ಲ.

ಪಾಳಿ ಮುಗಿದ ಮೇಲೆ ಸಿಂಕ್ ಒತ್ತಿ, ಮುಗಿಯಿತೆಂದು ತೋರಿಸುವವರೆಗೂ ಕಾಯಿರಿ. ಮಧ್ಯೆ ಒಂದೆರಡು ಸಲ ಮಾಡಿದರೆ ಇನ್ನೂ ಕ್ಷೇಮ. ಸಿಂಕ್ ಆಗದ ಉತ್ತರಗಳು ನಿಮ್ಮ ಫೋನಿನಲ್ಲೇ ಕೂತಿರುತ್ತವೆ. ಫೋನ್ ಕೆಟ್ಟರೆ ಅಥವಾ ಕಳೆದರೆ 50 ಬಾಗಿಲೂ ಸತ್ತಂತೆ. ನಕ್ಷೆ ತೆರೆದೇ ಇಟ್ಟರೆ ಚಾರ್ಜು ಬೇಗ ಕರಗುತ್ತದೆ, ಪವರ್ ಬ್ಯಾಂಕ್ ಬೇಕೇ ಬೇಕು.

ಮಿನಿವ್ಯಾನ್‌ನ ದೊಡ್ಡ ಕೊರತೆ, ಅದು ಮುಖ್ಯವಾಗಿ ಕೈಗೆ ಕೊಟ್ಟ ಪಟ್ಟಿಯನ್ನೇ ನಂಬಿ ನಡೆಯುತ್ತದೆ. ರೈಲು ನಿಲ್ದಾಣದಲ್ಲೋ ಸಂತೆಯಲ್ಲೋ ಎದುರಾದವರನ್ನು ಹೇಗೆ ದಾಖಲಿಸುವುದು? ರೀಚ್ ಎಂಬ ಇನ್ನೊಂದು ಆ್ಯಪ್ ಹುಟ್ಟಿದ್ದೇ ಈ ತೊಡಕಿನಿಂದ, 2018ರ ನ್ಯೂಯಾರ್ಕ್ ಪ್ರೈಮರಿಯಲ್ಲಿ ಹಾಲಿ ಕಾಂಗ್ರೆಸ್ ಸದಸ್ಯ ಜೋ ಕ್ರೌಲಿಯನ್ನು ಮಣಿಸಿದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರ ಪ್ರಚಾರದಲ್ಲಿ. ಅದರಲ್ಲಿ ಎದುರಿಗೆ ನಿಂತವರ ಹೆಸರು ಹುಡುಕಿ ಅಲ್ಲೇ ಗುರುತು ಹಾಕಬಹುದು. ಬಾಗಿಲಿಗೆ ಮಿನಿವ್ಯಾನ್, ಬೀದಿಗೆ ರೀಚ್ ಅಂತ ಹಂಚಿಕೊಂಡರೆ ಒಳ್ಳೆಯದು.

ಪ್ರಗತಿಪರ ಗುಂಪುಗಳು ಗಮನಿಸಬೇಕಾದ್ದು ಇನ್ನೊಂದಿದೆ. ಮಿನಿವ್ಯಾನ್ ಹಿಂದಿರುವ ವೋಟ್‌ಬಿಲ್ಡರ್ ಎಂಬ ಪಕ್ಷದ ಡೇಟಾಬೇಸಿನ ಬೀಗದ ಕೈ ರಾಜ್ಯ ಪಕ್ಷಗಳ ಹತ್ತಿರ. 2015ರ ಡಿಸೆಂಬರಿನಲ್ಲಿ ಸಾಫ್ಟ್‌ವೇರ್ ದೋಷದಿಂದ ಹಿಲರಿ ಕ್ಲಿಂಟನ್ ಕಡೆಯ ಡೇಟಾ, ಅಧ್ಯಕ್ಷೀಯ ಉಮೇದುವಾರಿಕೆಗೆ ಅವರೊಡನೆ ಪೈಪೋಟಿಯಲ್ಲಿದ್ದ ಬರ್ನಿ ಸ್ಯಾಂಡರ್ಸ್ ಕಡೆಯವರಿಗೆ ತೆರೆದುಕೊಂಡು ಅವರು ನೋಡಿದಾಗ, ಪಕ್ಷದ ರಾಷ್ಟ್ರೀಯ ಸಮಿತಿ ಸ್ಯಾಂಡರ್ಸ್ ಪ್ರಚಾರಕ್ಕೆ ಸ್ವಂತ ಪಟ್ಟಿಯೂ ಸಿಗದಂತೆ ತಾತ್ಕಾಲಿಕವಾಗಿ ಬಾಗಿಲು ಹಾಕಿತ್ತು. ಹಾಲಿ ಸದಸ್ಯರ ವಿರುದ್ಧ ಪ್ರೈಮರಿಗೆ ನಿಲ್ಲುವವರು ನಾಮಪತ್ರಕ್ಕೆ ಮೊದಲೇ ರಾಜ್ಯ ಪಕ್ಷಕ್ಕೆ ಬರೆದು ಪಟ್ಟಿ ಸಿಗುತ್ತದೋ, ಎಷ್ಟಕ್ಕೆ, ಎಂದಿನಿಂದ ಎಂದು ಲಿಖಿತ ಉತ್ತರ ಪಡೆಯಲಿ. ತಡವಾದರೆ ಚುನಾವಣಾ ಕಚೇರಿಯಿಂದ ಮತದಾರರ ಕಡತ ತಂದು ಕಾಗದದಲ್ಲೇ ಮೊದಲ ತಿಂಗಳು ನಡೆಸಬೇಕಾಗುತ್ತದೆ.

ಪ್ರಚಾರಕ್ಕೆ ದುಡ್ಡು ಕೊಡಬಹುದೇ, ಬಾಗಿಲು ತಟ್ಟಬಹುದೇ ಎಂದು ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆಗೆ ಉತ್ತರ: ದೇಣಿಗೆ ಕೊಡುವಂತಿಲ್ಲ, ಒಂದು ಡಾಲರೂ. ಸಂಬಳವಿಲ್ಲದೆ ಬಾಗಿಲು ತಟ್ಟಲು ಫೆಡರಲ್ ಚುನಾವಣಾ ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಪ್ರಚಾರದ ಖರ್ಚು, ತೀರ್ಮಾನಗಳಲ್ಲಿ ತಲೆ ಹಾಕಬಾರದು.