ಐದಾ, ಆರಾ? ಡಾಜರ್ಸ್ ಪಿಚಿಂಗ್ ಜಗಳ

2025ರ ಏಪ್ರಿಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್ ಡಾಜರ್ಸ್‌ನ ಅಭಿಮಾನಿಗಳ ಚರ್ಚೆ ಇದು: ಪಂದ್ಯ ಶುರು ಮಾಡುವ ಪಿಚರ್‌ಗಳು (ಚೆಂಡು ಎಸೆಯುವವರು) ಐದು ಜನ ಸಾಕಾ, ಆರು ಬೇಕಾ?

ಐದು ಜನರಿದ್ದರೆ ಮಧ್ಯೆ 4 ದಿನ ಬಿಡುವು, ಸೀಸನ್ನಿನ 162 ಪಂದ್ಯಗಳಲ್ಲಿ ಒಬ್ಬೊಬ್ಬರಿಗೆ ಸುಮಾರು 32 ಸರದಿ. ಒಳ್ಳೆಯ ಪಿಚರ್ ಜಾಸ್ತಿ ಸಲ ಸಿಗುತ್ತಾನೆ, ಅಷ್ಟೇ ಲಾಭ.

ಆರಾದರೆ ಸರದಿ 27ಕ್ಕೆ ಇಳಿಯುತ್ತದೆ. ಆದರೆ ತಂಡದ ಪಿಚರ್‌ಗಳಾದ ಯಮಮೊಟೊ, ಸಸಾಕಿ ಇಬ್ಬರೂ ಜಪಾನಿನಲ್ಲಿ ವಾರಕ್ಕೊಮ್ಮೆ ಎಸೆದು ಅಭ್ಯಾಸ ಇದ್ದವರು, ಅವರನ್ನು ಏಕಾಏಕಿ ನಾಲ್ಕೇ ದಿನಕ್ಕೆ ಮತ್ತೆ ಕರೆದರೆ ತೋಳು ಏನಾಗಬೇಕು ಹೇಳಿ. ತೊಂದರೆ ಇರುವುದು ಬೇರೆ ಕಡೆ. 26 ಜನರ ತಂಡದಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ, ಆರನೆಯವನು ಬಂದರೆ ಬುಲ್‌ಪೆನ್‌ನಲ್ಲಿ (ಪಂದ್ಯದ ಮಧ್ಯೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪಿನಲ್ಲಿ) ಒಬ್ಬ ಕಮ್ಮಿ. ಬ್ಯಾಟಿಂಗೂ ಮಾಡುವ ಒಹ್ತಾನಿ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಮೊಣಕೈ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಅವರು ಪಿಚಿಂಗ್‌ಗೆ ಇಳಿದದ್ದು ಜೂನ್‌ನಲ್ಲಿ. ಇನ್ನೊಬ್ಬ ಪಿಚರ್ ಸ್ನೆಲ್ ಬೇರೆ ಎರಡೇ ಪಂದ್ಯ ಆಡಿ ಭುಜದ ನೋವಿಗೆ ಹೊರಗೆ ಕೂತರು. (ಆರು ಜನ ಬೇಕು ಅನ್ನುವವರಿಗೆ ಆ ಆರು ಜನರೇ ಸಿಗಲಿಲ್ಲ, ಅಲ್ವಾ!)

ಆದರೂ ನನ್ನ ವೋಟು ಆರಕ್ಕೇ. ಏಪ್ರಿಲ್‌ನಲ್ಲಿ ಒಂದೆರಡು ಸೋತರೂ ನಡೆಯುತ್ತದೆ, ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಎಸೆಯಲು ತೋಳು ಬೇಕಲ್ಲ. ನಿಮ್ಮ ತಂಡದ ಬುಲ್‌ಪೆನ್ ಸೊರಗಿದ್ದರೆ ಮಾತ್ರ ಐದೇ ಇರಲಿ.